ಕಣ್ಣು ಹೋಗಂಗಿಲ್ಲ, ಹೊಟ್ಟಿ ಕೆಟ್ಟೀತು

ಶಿವರಾತ್ರಿ ದಾಟಿ ಬಿಸಿಲು ಚುರುಕಾಯಿತೆಂದರೆ ಮುಧೋಳ, ಮಹಾಲಿಂಗಪುರ, ಬನಹಟ್ಟಿಯ ಸಂತೆಗಳಲ್ಲಿ ದ್ರಾಕ್ಷಿ ರಾಶಿ ಬೀಳುತ್ತದೆ. ಜಮಖಂಡಿ ತಾಲೂಕಿನ ಸಾವಳಗಿ ಕಡೆಯದು, ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯದು. ಒಳ್ಳೆಯ ಗೊಂಚಲು ದೂರದ ಪೇಟೆಗೆ ಹೋಗುತ್ತದೆ, ಇನ್ನಷ್ಟು ಒಣದ್ರಾಕ್ಷಿಯ ಶೆಡ್ಡಿಗೆ. ಗೊಂಚಲಿನಿಂದ ಕಳಚಿಬಿದ್ದ ಬಿಡಿ ಕಾಳನ್ನು ಸಂಜೆಯ ಹೊತ್ತಿಗೆ ಕೇಳಿದ ಬೆಲೆಗೆ ಸುರಿದು ಕೊಡುತ್ತಾರೆ. ಈ ಬಿಡಿ ಕಾಳಿನಲ್ಲಿ ಒಂದಿಷ್ಟು ಈಚೆಗೆ ಉಪ್ಪಿನಕಾಯಿ ಭರಣಿಯ ಹಾದಿ ಹಿಡಿದಿದೆ.

ವಿದ್ಯೆ ಹೆಚ್ಚಾಗಿ ಮೊಬೈಲಿನಲ್ಲಿ ನೋಡಿ ಕಲಿತದ್ದು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಮಾಡುವುದು, ಮಡಿಕೇರಿಯ ಅಂಗಡಿಗಳಲ್ಲಿ ಪ್ರವಾಸಿಗರು ಕೊಳ್ಳುವುದು, ಅದೇ ‘ಹೋಮ್‌ಮೇಡ್ ವೈನ್’. ಒಂದು ಕಿಲೋ ದ್ರಾಕ್ಷಿ, ಒಂದು ಕಿಲೋ ಸಕ್ಕರೆ, ಕಾಯಿಸಿ ಆರಿಸಿದ ಎರಡು ಲೀಟರ್ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಯೀಸ್ಟ್, ನಾಲ್ಕು ಲವಂಗ, ಒಂದು ಚೂರು ದಾಲ್ಚಿನ್ನಿ. ಭರಣಿಗೆ ಬಟ್ಟೆ ಬಿಗಿದು ದಿನಕ್ಕೊಮ್ಮೆ ಕಟ್ಟಿಗೆಯ ಸೌಟಿನಿಂದ ಕಲಕಿ, 21ನೇ ದಿನ ಸೋಸುವುದು. ಮೊದಲ ಗ್ಲಾಸು ಕೈಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಕಣ್ಣಿಗೇನೂ ಆಗೂದಿಲ್ಲಲ್ಲಪಾ?”

ಕರ್ನಾಟಕದವರ ಬಾಯಲ್ಲಿ ಈ ಪ್ರಶ್ನೆ ಬರುವುದಕ್ಕೆ ಕಾರಣವಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ರಾಜ್ಯ ಸರಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಮಿಕ್ಕಿ ಹೆಣ ಬಿದ್ದವು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಬದುಕಿ ಉಳಿದವರಲ್ಲಿ ಕೆಲವರ ದೃಷ್ಟಿ ಹೋಯಿತು. ಹೀಗಾಗಿ ಅಂಗಡಿಯದಲ್ಲದ ಮದ್ಯವೆಂದರೆ ಕಣ್ಣು ಕಳೆಯುವ ಮದ್ಯ ಎಂಬ ಲೆಕ್ಕ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಈ ದುರಂತಗಳಲ್ಲೆಲ್ಲ ಕೊಂದದ್ದು ಮೆಥನಾಲ್. ಬಣ್ಣ, ಥಿನ್ನರ್, ಅಂಟುಗಳ ಉದ್ಯಮಕ್ಕೆ ಪೀಪಾಯಿಗಟ್ಟಲೆ ಬೇಕಾಗುವ ರಾಸಾಯನಿಕ. ನೋಟದಲ್ಲಿ, ವಾಸನೆಯಲ್ಲಿ ಕುಡಿಯುವ ಆಲ್ಕೋಹಾಲಿನ ತಮ್ಮನಂತೆಯೇ ಇರುವುದರಿಂದ ಕಳ್ಳ ದಂಧೆಯವರು ಅದಕ್ಕೆ ನೀರು ಬೆರೆಸಿ ಪ್ಯಾಕೆಟ್ ಕಟ್ಟುತ್ತಾರೆ. ಅದು ಯಾವ ಭರಣಿಯಲ್ಲೂ ಹುದುಗಿದ್ದಲ್ಲ, ಎಷ್ಟೋ ಸಲ ಭಟ್ಟಿಯ ಮುಖವನ್ನೂ ಕಂಡಿರುವುದಿಲ್ಲ. 1986ರಲ್ಲಿ ಇಟಲಿಯಲ್ಲಿ ವೈನ್ ಕುಡಿದೇ 20ಕ್ಕೂ ಹೆಚ್ಚು ಜನ ಸತ್ತಾಗ ಜಗತ್ತು ಬೆಚ್ಚಿತ್ತು. ತನಿಖೆಯಲ್ಲಿ ಹೊರಬಿದ್ದದ್ದು ಅದೇ ಕಥೆ: ಅಗ್ಗದ ವೈನಿಗೆ ಕಸುವು ತೋರಿಸಲು ಕಾರ್ಖಾನೆಯ ಮೆಥನಾಲ್ ಸುರಿದಿದ್ದರು.

ಹಾಗೆಂದು ದ್ರಾಕ್ಷಿಯಲ್ಲಿ ಮೆಥನಾಲ್ ಹುಟ್ಟುವುದೇ ಇಲ್ಲವೆಂದಲ್ಲ. ಹಣ್ಣಿನ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟಿದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹುದುಗುವಾಗ ಕಿಣ್ವಗಳು ಈ ಪೆಕ್ಟಿನ್ ಒಡೆದರೆ ಒಂದಿಷ್ಟು ಮೆಥನಾಲ್ ಬಿಡುಗಡೆಯಾಗುತ್ತದೆ. ಸಿಪ್ಪೆ ಸಮೇತ ಹುದುಗಿಸುವ ಕೆಂಪು ವೈನಿನಲ್ಲಿ ಹೆಚ್ಚು, ಬಿಳಿಯದರಲ್ಲಿ ಕಡಿಮೆ. ಅಂತಾರಾಷ್ಟ್ರೀಯ ವೈನ್ ಸಂಸ್ಥೆ ಕೆಂಪು ವೈನಿಗೆ ಲೀಟರಿಗೆ 400 ಮಿಲಿಗ್ರಾಂ, ಬಿಳಿ ವೈನಿಗೆ 250 ಮಿಲಿಗ್ರಾಂ ಮಿತಿ ಹಾಕಿದೆ. ಸಾಮಾನ್ಯ ವೈನ್ ಅದರೊಳಗೇ ಇರುತ್ತದೆ. ಕಣ್ಣಿಗೆ ಕುತ್ತು ತರಲು ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ ಮೆಥನಾಲ್ ಸಾಕು ಎನ್ನುತ್ತಾರೆ ವಿಷವೈದ್ಯರು. ಅದರ ತೂಕ ಎಂಟು ಗ್ರಾಂ. ಮಿತಿಯ ತುದಿಯಲ್ಲಿರುವ ಕೆಂಪು ವೈನನ್ನೇ ಹಿಡಿದರೂ ಅಷ್ಟು ಮೆಥನಾಲ್ ಒಳಗೆ ಹೋಗಲು ಒಂದೇ ಸಲ ಕೂತು 20 ಲೀಟರ್ ಕುಡಿಯಬೇಕು. ಕೊಡ ಎತ್ತಿ ಕುಡಿಯಬಲ್ಲ ಗಟ್ಟಿಗನಿದ್ದರೂ ಮೆಥನಾಲಿಗಿಂತ ಬಹಳ ಮೊದಲೇ ಉಳಿದ ಆಲ್ಕೋಹಾಲ್ ಅವನನ್ನು ಮುಗಿಸಿರುತ್ತದೆ.

ಇನ್ನೊಂದು ಸ್ವಾರಸ್ಯವೂ ಇದೆ. ಮೆಥನಾಲ್ ತಾನಾಗಿ ಅಷ್ಟು ವಿಷವಲ್ಲ. ಯಕೃತ್ತಿನ ಕಿಣ್ವ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅದು ಫಾರ್ಮಿಕ್ ಆಮ್ಲವಾಗುತ್ತದೆ. ದೃಷ್ಟಿನರವನ್ನು ಸುಡುವುದು ಆ ಆಮ್ಲ. ಅದೇ ಕಿಣ್ವಕ್ಕೆ ಮಾಮೂಲಿ ಆಲ್ಕೋಹಾಲ್, ಅಂದರೆ ಎಥನಾಲ್, ಎದುರಾದರೆ ಅದು ಮೊದಲು ಇದರ ಕೆಲಸಕ್ಕೇ ನಿಲ್ಲುತ್ತದೆ. ಮೆಥನಾಲ್ ಮೆಲ್ಲಗೆ ಮೂತ್ರ, ಉಸಿರಿನಲ್ಲಿ ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಫೋಮೆಪಿಜೋಲ್ ಎಂಬ ದುಬಾರಿ ಔಷಧ ಇಲ್ಲದಾಗ ವೈದ್ಯರು ಎಥನಾಲನ್ನೇ ಮದ್ದಾಗಿ ಕೊಡುವುದು ಈ ಕಾರಣಕ್ಕೆ. ವೈನಿನಲ್ಲಿ ವಿಷದ ಕಣ ಒಂದಾದರೆ ಅದರ ಮದ್ದಿನ ಕಣ ನೂರು, ಎರಡೂ ಒಂದೇ ಗ್ಲಾಸಿನಲ್ಲಿ.

ಭಯಕ್ಕೆ ರಾಜಕೀಯದ ಬಣ್ಣವೂ ಬಳಿಯಬಹುದು ಎಂಬುದಕ್ಕೆ ಫ್ರಾನ್ಸ್ ಸಾಕ್ಷಿ. ಅಲ್ಲಿ 1934ರಲ್ಲಿ ಇಸಾಬೆಲ್ಲಾ ಸೇರಿದಂತೆ ಆರು ಅಮೆರಿಕ ಮೂಲದ ದ್ರಾಕ್ಷಿ ತಳಿಗಳನ್ನು ನಿಷೇಧಿಸಿದರು. ಅವುಗಳ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆ, ಮೆಥನಾಲ್ ಜಾಸ್ತಿ ಎಂಬ ಮಾತು ಆ ಕಾಲದಿಂದ ಓಡಾಡುತ್ತ ಬಂದಿದೆ. ಆಗ ಫ್ರಾನ್ಸಿನಲ್ಲಿ ವೈನ್ ಕೇಳುವವರಿಲ್ಲದೆ ಹರಿದಾಡುತ್ತಿತ್ತು, ಉತ್ಪಾದನೆ ತಗ್ಗಿಸಲು ನೆವ ಬೇಕಿತ್ತು ಎಂಬುದನ್ನು ಮರೆಯಬಾರದು. ಆ ಇಸಾಬೆಲ್ಲಾ ಬಳಗದ್ದೇ ನಮ್ಮ ‘ಬೆಂಗಳೂರು ಬ್ಲೂ’, ಕಪ್ಪು ಸಿಪ್ಪೆಯ ಘಮಘಮ ದ್ರಾಕ್ಷಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ರಾಜ್ಯದ ದಕ್ಷಿಣದ ಮನೆ ವೈನಿಗೆ ಬಹುಪಾಲು ಬೀಳುವುದು ಅದೇ. ಪೆಕ್ಟಿನ್ ಅದರಲ್ಲಿ ಹೆಚ್ಚೇನೋ ನಿಜ. ಆದರೆ ಅದನ್ನು ಕುಡಿದು ಕುರುಡಾದವರ ಊರು ಯಾವುದೂ ಇಲ್ಲ.

ಹುದುಗಿ ಹುಟ್ಟಿದ್ದಕ್ಕೂ ಹೊರಗಿನಿಂದ ಬೆರೆಸಿದ್ದಕ್ಕೂ ಇರುವ ವ್ಯತ್ಯಾಸ ಮುಧೋಳ ಸೀಮೆಗೆ ಗೊತ್ತಿರಬೇಕು, ಯಾಕೆಂದರೆ ಇದು ಬೆಲ್ಲದ ನಾಡು. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರುವಾಸಿ. ಸಮೀರವಾಡಿಯಲ್ಲಿ ಕಬ್ಬಿನಿಂದ ಎಥನಾಲ್ ತೆಗೆಯುವ ದೊಡ್ಡ ಕಾರ್ಖಾನೆಯೇ ಇದೆ. ಕಬ್ಬಿನ ಸಿಹಿ ಎಲ್ಲಿದೆಯೋ ಅಲ್ಲಿ ಕಳ್ಳಭಟ್ಟಿಯ ನೆನಪೂ ಇರುತ್ತದೆ. ಕಪ್ಪು ಬೆಲ್ಲ ನೀರಿನಲ್ಲಿ ಕದಡಿ, ಬಿಳಿಜಾಲಿ ತೊಗಟೆ ಹಾಕಿ ಕೊಳೆಸಿ ಭಟ್ಟಿ ಇಳಿಸುವುದು ಹಳೆಯ ಪದ್ಧತಿ. ಅಬಕಾರಿಯವರು ದಾಳಿ ಮಾಡಿ ಚೆಲ್ಲಿದರೆಂದು ಪತ್ರಿಕೆಗಳಲ್ಲಿ ಬರುವ ‘ಬೆಲ್ಲದ ಕೊಳೆ’ ಇದೇ. ಬರುಬರುತ್ತ ಅದಕ್ಕೆ ನವಸಾಗರ, ಯೂರಿಯಾ, ಇನ್ನೂ ಏನೇನೋ ಸೇರಿದವು. ಕೊಳೆಯಿಂದ ಜಡ್ಡು ಬಂತೆಂದರೆ ಬೆರಳು ಸಾಮಾನ್ಯವಾಗಿ ತೋರಿಸಬೇಕಾದ್ದು ಹೊರಗಿನಿಂದ ಹಾಕಿದ್ದರ ಕಡೆಗೆ. ಮನೆಯ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಹಾಗಿದ್ದರೂ ಮರುದಿನ ಜನ ನರಳುತ್ತಾರಲ್ಲ? ಹೊಟ್ಟೆ ಉಬ್ಬರ, ತಲೆ ಸಿಡಿತ, ವಾಂತಿ, ಹತ್ತು ಸಲ ಚರಿಗೆ ಹಿಡಿದು ಓಡಾಟ. ಇದು ಸುಳ್ಳಲ್ಲ. ಮನೆ ವೈನ್ ಜಡ್ಡು ತರುತ್ತದೆ. ಅದರ ಕಾರಣಗಳು ಮಾತ್ರ ಮೆಥನಾಲಿನಷ್ಟು ನಾಟಕೀಯವಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ.

ಮೊದಲನೆಯದು ಬಿಸಿಲು. ಮಂಗಳೂರಿನ, ಮಡಿಕೇರಿಯ ಪಾಕ ಬಂದದ್ದು ಆ ಊರಿನ ಹವೆಗೆ ತಕ್ಕಂತೆ. ಕ್ರಿಸ್‌ಮಸ್‌ನ ವೈನಿಗೆ ಭರಣಿ ಕಟ್ಟುವುದು ಮಳೆಗಾಲದ ಕೊನೆಗೋ ಚಳಿಯ ಆರಂಭಕ್ಕೋ. ಕೆಂಪು ವೈನ್ ಹುದುಗಲು 20ರಿಂದ 30 ಡಿಗ್ರಿ ಒಳ್ಳೆಯದು, ಬಿಳಿಯದಕ್ಕೆ ಇನ್ನೂ ತಂಪು ಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ದ್ರಾಕ್ಷಿ ಅಗ್ಗವಾಗುವುದು ಮಾರ್ಚ್‌ನಲ್ಲಿ. ತಿಂಗಳ ಕೊನೆಗೆ ನೆರಳಿನಲ್ಲೇ 38 ಡಿಗ್ರಿ ಮುಟ್ಟುವ ದಿನಗಳುಂಟು. ಹುದುಗುವ ರಸ ತಾನೂ ಬಿಸಿ ಹುಟ್ಟಿಸುತ್ತದೆ. ಪತ್ರಾಸಿನ ಮನೆಯ ಮೂಲೆಯಲ್ಲಿಟ್ಟ ಭರಣಿಯೊಳಗೆ ಯೀಸ್ಟ್ ಮೊದಲ ನಾಲ್ಕು ದಿನ ಹುಚ್ಚೆದ್ದು ಕೆಲಸ ಮಾಡಿ, 35 ಡಿಗ್ರಿ ದಾಟುತ್ತಲೇ ಸೊರಗಿ, 40ರ ಹತ್ತಿರ ಕೈಚೆಲ್ಲುತ್ತದೆ. ಹಾಗೆ ಸೊರಗಿದ ಯೀಸ್ಟ್ ಕಟುವಾಸನೆಯ ಭಾರದ ಆಲ್ಕೋಹಾಲುಗಳನ್ನೂ ಹೆಚ್ಚು ಬಿಡುತ್ತದೆ. ಭರಣಿ ಸದ್ದಡಗಿತೆಂದು ಮನೆಯವರು ವೈನ್ ಆಯಿತು ಎಂದುಕೊಳ್ಳುತ್ತಾರೆ. ಆಗಿರುವುದಿಲ್ಲ, ನಿಂತಿರುತ್ತದೆ ಅಷ್ಟೆ.

ಯೀಸ್ಟ್ ಬಿಟ್ಟ ಜಾಗಕ್ಕೆ ಬೇರೆಯವರು ಬರುತ್ತಾರೆ. ಭರಣಿಯ ಬಾಯಿಯ ಬಟ್ಟೆ ಸಡಿಲವಿದ್ದರೆ ಹಣ್ಣಿನ ಸಣ್ಣ ನೊಣದ ಕಾಲಿಗಂಟಿ ವಿನೆಗರ್ ಬ್ಯಾಕ್ಟೀರಿಯಾ ಒಳಸೇರುತ್ತದೆ. ಆಲ್ಕೋಹಾಲ್ ಹುಳಿಯಾಗುತ್ತದೆ, ಉಗುರುಬಣ್ಣದಂಥ ವಾಸನೆ ಏಳುತ್ತದೆ. ಇದು ವಿಷವಲ್ಲ, ಆದರೆ ಮೊದಲೇ ಆಮ್ಲಪಿತ್ತ ಇರುವವರಿಗೆ ಅರ್ಧ ಗ್ಲಾಸು ಸಾಕು, ಎದೆ ಉರಿ ಬೆಳಗಿನವರೆಗೆ. ಮೇಲೆ ಹಸಿರು, ಕಪ್ಪು ಬೂಷ್ಟು ಕಟ್ಟಿದ್ದರೆ ಮಾತ್ರ ತೆಗೆದು ಕುಡಿಯುವ ಜಾಣತನ ಬೇಡ. ಇಡೀ ಭರಣಿ ಚೆಲ್ಲಬೇಕು.

21ನೇ ದಿನದ ನಂಬಿಕೆಯೂ ಒಂದು ಕಾಟ. ಹುದುಗುವಿಕೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಅವಸರದಲ್ಲಿ ಸೋಸಿದ ವೈನಿನಲ್ಲಿ ಕೋಟ್ಯಂತರ ಜೀವಂತ ಯೀಸ್ಟ್, ಕರಗಿದ ಅನಿಲ, ತೀರದ ಸಕ್ಕರೆ ಮೂರೂ ಇರುತ್ತವೆ. ಹೊಟ್ಟೆಗಿಳಿದ ಮೇಲೆ ಗುಡುಗುಡು ಎನ್ನುವುದಕ್ಕೆ, ಬೆಳಗಾಗುತ್ತಲೇ ಭೇದಿಗೆ ಇದೇ ಮುಖ್ಯ ಕಾರಣ. ಚೆನ್ನಾಗಿ ಹುದುಗಿ, ಗಸಿ ತಳ ಕಂಡು, ತಿಳಿಯನ್ನು ಎರಡು-ಮೂರು ಸಲ ಬೇರೆ ಪಾತ್ರೆಗೆ ಬಸಿದ ವೈನ್ ಹೀಗೆ ಕಾಡುವುದಿಲ್ಲ. ಅವಸರದ ವೈನನ್ನು ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಇನ್ನೊಂದು ಅಪಾಯ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 250 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರ ನೂರರಲ್ಲೊಂದು ಪಾಲು ಬಾಟಲಿಯೊಳಗೆ ಸಿಕ್ಕಿಬಿದ್ದರೂ ಗಾಜು ಸಿಡಿಯಬಹುದು.

ಈಗ ಸಕ್ಕರೆಯ ಲೆಕ್ಕ ನೋಡಬೇಕು. ಇಡೀ ವಿಷಯದ ಗಂಟು ಇಲ್ಲಿದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಪ್ರತಿಶತ ಆಲ್ಕೋಹಾಲ್. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಎರಡು ಲೀಟರ್ ನೀರು ಎಂದರೆ ಲೀಟರಿಗೆ 300 ಗ್ರಾಮಿಗೂ ಮೇಲೆ ಸಿಹಿ. ಹವೆ ಅನುಕೂಲವಾಗಿ ಯೀಸ್ಟ್ ಗಟ್ಟಿಯಿದ್ದರೆ ಅದು 14 ಪ್ರತಿಶತದ ತನಕ ಏರಿ, ತಾನೇ ಮಾಡಿದ ಆಲ್ಕೋಹಾಲಿನಲ್ಲಿ ತಾನೇ ಸೋತು ನಿಲ್ಲುತ್ತದೆ. ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ನಾಲಿಗೆಗೆ ಪಾನಕ, ಮೈಗೆ ಮದ್ಯ.

ಆ ಪಾನಕವನ್ನು ಕುಡಿಯುವುದು ಸ್ಟೀಲಿನ ಗ್ಲಾಸಿನಲ್ಲಿ. 180 ಮಿಲಿಲೀಟರಿನ ಒಂದು ಗ್ಲಾಸಿಗೆ 14 ಪ್ರತಿಶತದಂತೆ 25 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ಬಾರಿನಲ್ಲಿ ಸಿಗುವ 42.8 ಪ್ರತಿಶತದ ವಿಸ್ಕಿಯ 60 ಮಿಲಿಲೀಟರ್ ದೊಡ್ಡ ಪೆಗ್ಗಿನಲ್ಲಿ ಇರುವುದೂ ಅಷ್ಟೇ. ಮೂರು ಗ್ಲಾಸು ‘ದ್ರಾಕ್ಷಿ ರಸ’ ಇಳಿಸಿದ ಭಾವಮೈದುನ ಮೂರು ದೊಡ್ಡ ಪೆಗ್ ಹಾಕಿದ್ದಾನೆ, ಅದೂ ಬಿಸಿಲಿನಲ್ಲಿ, ಅದೂ ಖಾಲಿ ಹೊಟ್ಟೆಯಲ್ಲಿ. ಮರುದಿನ ಅವನಿಗೆ ಬಂದದ್ದು ಜಡ್ಡಲ್ಲ, ಹ್ಯಾಂಗೋವರ್. ಇದು ಭರಣಿಯ ದೋಷವಲ್ಲ, ಅಳತೆಯ ದೋಷ. ಅಂಗಡಿಯ ಬಾಟಲಿಯ ಮೇಲೆ ಕಸುವು ಎಷ್ಟೆಂದು ಬರೆದಿರುತ್ತದೆ. ಭರಣಿ 5 ಪ್ರತಿಶತದಲ್ಲಿ ನಿಂತಿದೆಯೋ 14 ಮುಟ್ಟಿದೆಯೋ ಹೇಳುವವರಿಲ್ಲ. ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕಡ್ಡಿ ಹುದುಗುವ ಮೊದಲು, ಹುದುಗಿದ ಮೇಲೆ ಅಳೆದು ಇದನ್ನು ಹೇಳಬಲ್ಲದು. ಪಾಕ ಹೇಳಿಕೊಡುವ ವಿಡಿಯೊಗಳಲ್ಲಿ ಲವಂಗ ಎಷ್ಟೆಂದು ಇರುತ್ತದೆ, ಹೈಡ್ರೋಮೀಟರ್ ಇರುವುದು ಅಪರೂಪ.

ತಲೆನೋವಿನ ವಿಷಯ ಸ್ವಲ್ಪ ಜಟಿಲ. ಆಲ್ಕೋಹಾಲ್ ಮೈಯಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟೇಟ್. ನಡುವಿನ ಅಸಿಟಾಲ್ಡಿಹೈಡ್ ಬಲು ಕೆಟ್ಟದ್ದು. ಮುಖ ಕೆಂಪೇರುವುದು, ಎದೆ ಹೊಡೆದುಕೊಳ್ಳುವುದು, ಓಕರಿಕೆ ಎಲ್ಲ ಅದರದೇ ಕಾರುಬಾರು. ಕೆಂಪು ವೈನ್ ಒಂದೇ ಗ್ಲಾಸಿಗೆ ಕೆಲವರ ತಲೆ ಹಿಡಿಯುವುದೇಕೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಒಂದು ಊಹೆ ಮುಂದಿಟ್ಟರು: ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ಎಂಬ ವಸ್ತು ಮೈಯಲ್ಲಿ ರೂಪ ಬದಲಿಸಿ, ಅಸಿಟಾಲ್ಡಿಹೈಡ್ ತೊಳೆಯುವ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಪ್ರಯೋಗಶಾಲೆಯ ಮಾತಿದು, ಮನುಷ್ಯರ ಮೇಲಿನ ಪರೀಕ್ಷೆಯಿಂದ ಬಂದದ್ದಲ್ಲ. ಹಿಸ್ಟಮಿನ್ ಇನ್ನೊಂದು ಆರೋಪಿ. ಸ್ವಚ್ಛತೆ ಕಡಿಮೆಯಾದಷ್ಟೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹೆಚ್ಚಿ ಅದರ ಪ್ರಮಾಣ ಏರಬಲ್ಲದು. ಅದನ್ನು ಅರಗಿಸುವ ಕಿಣ್ವ ಕಡಿಮೆ ಇರುವವರಿಗೆ ಮೂಗು ಕಟ್ಟಿ, ಮೈ ತುರಿಸಿ, ತಲೆ ನೋಯುತ್ತದೆ.

“ಅಂಗಡಿ ವೈನಿನ್ಯಾಗ ಕೆಮಿಕಲ್ ಇರ್ತೈತ್ರಿ, ನಮ್ದು ಶುದ್ಧ” ಎಂಬ ಮಾತು ಮನೆಯಲ್ಲಿ ಮಾಡುವವರದು. ಕೆಮಿಕಲ್ ಎಂದರೆ ಸಲ್ಫೈಟ್. ಅಸ್ತಮಾ ಇರುವವರಲ್ಲಿ ಕೆಲವರಿಗೆ ಅದು ಉಸಿರುಗಟ್ಟಿಸುತ್ತದೆ ಎನ್ನುವುದು ಸರಿ. ಆದರೆ ಯೀಸ್ಟ್ ತಾನೇ ಒಂದಿಷ್ಟು ಸಲ್ಫೈಟ್ ಮಾಡುತ್ತದೆ. ಬಣ್ಣಕ್ಕೆಂದು ಭರಣಿಗೆ ಹಾಕುವ ಹಳದಿ ಒಣದ್ರಾಕ್ಷಿಯ ಹೊಳಪು ಗಂಧಕದ ಹೊಗೆಯದು. ಸಕ್ಕರೆಯ ಬದಲು ‘ಆರೋಗ್ಯಕ್ಕೆ ಒಳ್ಳೇದು’ ಎಂದು ಬೆಲ್ಲ ಹಾಕುವವರು ಚಿನ್ನದ ಬಣ್ಣದ ಬೆಲ್ಲವನ್ನೇ ಆರಿಸಿದರೆ ಅದರಲ್ಲೂ ಬಣ್ಣ ಬರಲೆಂದು ಹಾಕಿದ ಹೈಡ್ರೋಸ್ ಪುಡಿಯ ಸಲ್ಫರ್ ಇರಬಹುದು. ಬೆಂಡೆಯ ಲೋಳೆಯಿಂದ ಮಡ್ಡಿ ತೆಗೆದ ಕಂದು ಬೆಲ್ಲಕ್ಕೆ ಪೇಟೆಯಲ್ಲಿ ಗಿರಾಕಿ ಕಡಿಮೆ ಎಂಬುದು ಗಾಣದವರ ಹಳೆಯ ದೂರು.

ಪಾತ್ರೆ ಕೂಡ ವೈನಿನ ಭಾಗವೇ. ದ್ರಾಕ್ಷಿ ರಸ ಹುಣಸೆ ನೀರಿನಷ್ಟೇ ಹುಳಿ. ಕಲಾಯಿ ಹೋದ ಹಿತ್ತಾಳೆ ಕೊಡದಲ್ಲೋ ತಾಮ್ರದ ಹಂಡೆಯಲ್ಲೋ ವಾರಗಟ್ಟಲೆ ಇಟ್ಟರೆ ಕಿಲುಬು ಕರಗಿ ಬರುತ್ತದೆ, ಕುಡಿದ ಅರ್ಧ ತಾಸಿನಲ್ಲಿ ವಾಂತಿ. ಸೀಸ ಇನ್ನೂ ಮೋಸದ್ದು, ತಡವಾಗಿ ತಿಳಿಯುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಸೇಬಿನ ಮದ್ಯ ಕುಡಿಯುವ ರೈತರಿಗೆ ಕರುಳು ಹಿಂಡುವ ಶೂಲೆ, ಕೈಗಳ ನಿತ್ರಾಣ ಬರುತ್ತಿತ್ತು. ಹುಳಿ ಹಣ್ಣಿನದೇ ದೋಷವೆಂದು ನಂಬಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಎಂಬ ವೈದ್ಯ ಅದು ಗಾಣದ ಕಲ್ಲುಗಳ ಸಂದಿಗೆ ಹೊಯ್ದ ಸೀಸದ ಕೆಲಸ ಎಂದು ತೋರಿಸಿದ. ಸೀಸ ತೆಗೆದರು, ಶೂಲೆ ಇಳಿಯಿತು. ಗಾಜು, ಆಹಾರಕ್ಕೆ ತಕ್ಕ ಸ್ಟೀಲ್, ಒಳ್ಳೆಯ ಭರಣಿ ಇವು ಸಾಕು. ಔಷಧದ ಕ್ಯಾನು, ಬಣ್ಣದ ಬಕೆಟ್ಟು ಎಷ್ಟು ತೊಳೆದರೂ ಬೇಡ.

ವೈನಿನಲ್ಲಿ ಕಾಲರಾ, ಟೈಫಾಯ್ಡ್ ರೋಗಾಣುಗಳು ಬದುಕುವುದು ಕಷ್ಟ. ಹುಳಿ, ಆಲ್ಕೋಹಾಲ್ ಎರಡೂ ಅವಕ್ಕೆ ವೈರಿ. ಆದರೆ ದ್ರಾಕ್ಷಿ ಬಿಟ್ಟು ಸಿಕ್ಕದ್ದನ್ನೆಲ್ಲ ಹುದುಗಿಸಿದರೆ ಮಾತು ಬೇರೆ. 2011ರಲ್ಲಿ ಅಮೆರಿಕದ ಯೂಟಾ ರಾಜ್ಯದ ಜೈಲಿನಲ್ಲಿ ಎಂಟು ಕೈದಿಗಳಿಗೆ ಬೊಟುಲಿಸಂ ಹಿಡಿಯಿತು. ಕದ್ದುಮುಚ್ಚಿ ಚೀಲದಲ್ಲಿ ಹುದುಗಿಸಿದ್ದ ಹಣ್ಣಿನ ಮದ್ಯಕ್ಕೆ ಹಳೆಯ ಆಲೂಗಡ್ಡೆ ಸೇರಿಸಿದ್ದರು. ಮಣ್ಣಿನ ಗಡ್ಡೆಯಲ್ಲಿದ್ದ ಬೀಜಾಣು ಗಾಳಿಯಿಲ್ಲದ ಚೀಲದಲ್ಲಿ ವಿಷ ಕಟ್ಟಿತು.

ದ್ರಾಕ್ಷಿ ಬೆಳೆಯುವ ಸೀಮೆಗೆ ಮಾತ್ರ ಸೇರಿದ ಇನ್ನೊಂದು ಸಂಗತಿಯಿದೆ. ಮನೆ ವೈನಿನ ಪಾಕ ಹೇಳುವವರು ಅದನ್ನು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ತೋಟವಿಲ್ಲ.

ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆರಡು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು: ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರ್‌ನದು ಹಣ್ಣಿಗೆ. ಅಕ್ಟೋಬರ್ ಚಾಟ್ನಿಯ ಬೆನ್ನಿಗೆ ಕಡ್ಡಿಯ ಕಣ್ಣುಗಳೆಲ್ಲ, ಅಂದರೆ ಮೊಗ್ಗುಗಳೆಲ್ಲ, ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸೈನಮೈಡ್ ಎಂಬ ದ್ರಾವಣ ಹಚ್ಚುತ್ತಾರೆ. ಡಾರ್ಮೆಕ್ಸ್ ಎಂದರೆ ತೋಟದವರಿಗೆಲ್ಲ ಗೊತ್ತು. ಡಬ್ಬಿಯಲ್ಲಿ ಅದರ ಸಾಂದ್ರತೆ ಸುಮಾರು 50 ಪ್ರತಿಶತ. ಕೂಲಿಯವರು ಬಟ್ಟೆಯ ಉಂಡೆ ಅದ್ದಿಯೋ ಬ್ರಷ್ ಹಿಡಿದೋ ಒಂದೊಂದು ಕಣ್ಣಿಗೂ ಸವರುತ್ತ ಹೋಗುತ್ತಾರೆ. ಕೈಚೀಲ ತೊಟ್ಟವರೂ ಉಂಟು, ತೊಡದವರೂ ಉಂಟು. ಅದು ಚರ್ಮದಿಂದಲೂ ಉಸಿರಿನಿಂದಲೂ ಒಳಹೋಗುತ್ತದೆ, ಹೋಗಿ ಅಸಿಟಾಲ್ಡಿಹೈಡ್ ತೊಳೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆ ಸಂಜೆ ಮೈನೋವಿಗೆಂದು ಒಂದು ಗ್ಲಾಸು ಇಳಿಸಿದರೆ ಮುಖ ಕೆಂಡ, ಎದೆ ದಡಬಡ, ತಲೆಸುತ್ತು, ವಾಂತಿ, ರಕ್ತದೊತ್ತಡ ಇಳಿತ. “ಮನೀ ವೈನು ಕೆಟ್ಟಿತ್ತು” ಎಂದು ಭರಣಿಯನ್ನು ಬೈಯುತ್ತಾರೆ. ವೈನಿಗೆ ಏನೂ ಆಗಿರುವುದಿಲ್ಲ. ಬಿಯರ್ ಕುಡಿದಿದ್ದರೂ ಇದೇ ಗತಿ.

ಇದು ಹೊಸ ಶೋಧವಲ್ಲ. ಸೈನಮೈಡ್ ಗೊಬ್ಬರದ ಕಾರ್ಖಾನೆಗಳ ಕೆಲಸಗಾರರಿಗೆ ಮದ್ಯ ಮುಟ್ಟಿದರೆ ಮೈ ಕಾವೇರುತ್ತದೆ ಎಂದು ಜರ್ಮನಿಯ ವೈದ್ಯರು ಮೊದಲ ಮಹಾಯುದ್ಧದ ಹೊತ್ತಿಗೇ ಗಮನಿಸಿದ್ದರು. ಮುಂದೆ ಅದೇ ಗುಣದ ಔಷಧಗಳು ಕುಡಿತ ಬಿಡಿಸಲು ಬಳಕೆಗೆ ಬಂದವು. ಡೆನ್ಮಾರ್ಕಿನಲ್ಲಿ 1948ರಲ್ಲಿ ಬೆಳಕಿಗೆ ಬಂದ ಡೈಸಲ್ಫಿರಾಮ್ ಇಂದಿಗೂ ಕೊಡುವ ಗುಳಿಗೆ. ಇಟಲಿಯಲ್ಲಿ 2000ದ ಆಸುಪಾಸು ಡಾರ್ಮೆಕ್ಸ್ ಬಳಸಿದ ತೋಟಗಾರರು ಆಸ್ಪತ್ರೆ ಸೇರಿದ ಪ್ರಕರಣಗಳು ವರದಿಯಾದವು, ಯುರೋಪಿಯನ್ ಒಕ್ಕೂಟ 2008ರಲ್ಲಿ ಸೈನಮೈಡಿಗೆ ಬಾಗಿಲು ಮುಚ್ಚಿತು. ನಮ್ಮ ತೋಟಗಳಲ್ಲಿ ಅದಿಲ್ಲದೆ ಬೆಳೆ ಏರುಪೇರು ಎಂದು ಬೆಳೆಗಾರರ ವಾದ, ಇರಲಿ. ಹಚ್ಚುವ ಹಿಂದಿನ ದಿನದಿಂದ ಮುಂದಿನ ಒಂದು ವಾರ ಮದ್ಯ ಮುಟ್ಟಬಾರದು ಎಂಬ ಮಾತನ್ನು ಡಬ್ಬಿಯ ಚೀಟಿಗೆ ಬಿಡದೆ ಕೂಲಿಯವರ ಕಿವಿಗೂ ಹಾಕಬೇಕು. ಮಾರ್ಚ್‌ನಲ್ಲಿ ಕಟ್ಟಿದ ಭರಣಿ ದಸರೆಗೆ ಹದವಾಗಿ ಕೂತಿರುತ್ತದೆ, ಚಾಟ್ನಿಯೂ ಆಗಲೇ.

ಡೈಸಲ್ಫಿರಾಮ್ ಎಂದಾಗ ಒಂದು ಮಾತು ಇಲ್ಲೇ ಹೇಳಬೇಕು. ಗಂಡನಿಗೆ ಗೊತ್ತಾಗದಂತೆ ಆ ಗುಳಿಗೆ ಪುಡಿಮಾಡಿ ಪಲ್ಯಕ್ಕೆ ಬೆರೆಸುವ ಮನೆಗಳಿವೆ. ಹೆಂಗಸರ ಸಂಕಟ ಅರ್ಥವಾಗುವಂಥದ್ದೇ. ಆದರೆ ತಿಳಿಯದೆ ತಿಂದವನು ಹೊರಗೆ ಹೋಗಿ ಕುಡಿದರೆ ಹೃದಯಕ್ಕೆ ಪೆಟ್ಟು ಬಿದ್ದು ಪ್ರಾಣಕ್ಕೇ ಸಂಚಕಾರ ಬರಬಹುದು. ಭೇದಿಗೆ, ಹಲ್ಲಿನ ಬಾವಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆಗೂ ಮದ್ಯ ಬೇಡ ಎಂದು ವೈದ್ಯರು ಎಚ್ಚರಿಸುತ್ತಾರೆ. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ, ಉಣ್ಣದೆ, ಸಿಹಿ ವೈನ್ ಕುಡಿದರೆ ರಕ್ತದ ಸಕ್ಕರೆ ಮೊದಲು ಏರಿ ಆಮೇಲೆ ದಿಢೀರನೆ ಕುಸಿಯಬಹುದು. ನೋಡಿದವರು ನಶೆ ಏರಿದೆ ಎಂದು ಮಲಗಿಸಿಬಿಡುತ್ತಾರೆ.

ಮದ್ಯ ಮುಟ್ಟದ ಮನೆಗಳಲ್ಲೂ ದ್ರಾಕ್ಷಾಸವದ ಬಾಟಲಿ ಇರುತ್ತದೆ. ಅದೂ ಹುದುಗಿದ ದ್ರಾಕ್ಷಿಯೇ. ಯೀಸ್ಟ್ ಹೊತ್ತು ತರುವುದು ಧಾತಕಿಯ ಒಣಹೂ, ತಾನಾಗಿ ಹುಟ್ಟುವ ಆಲ್ಕೋಹಾಲ್ 5ರಿಂದ 10 ಪ್ರತಿಶತದ ಆಸುಪಾಸು, ಬಾಟಲಿಯ ಮೇಲೇ ನಮೂದಾಗಿರುತ್ತದೆ. ಅದನ್ನು ಕುಡಿದು ಯಾರೂ ಹೊಟ್ಟೆ ಹಿಡಿದು ಕೂರುವುದಿಲ್ಲ. ವೈದ್ಯರು ಹೇಳುವ ಪ್ರಮಾಣ ಊಟದ ಮೇಲೆ 15ರಿಂದ 30 ಮಿಲಿಲೀಟರ್, ಅಷ್ಟೇ ನೀರು ಬೆರೆಸಿ. ಸ್ಟೀಲಿನ ಗ್ಲಾಸಿನಲ್ಲಿ ಅದನ್ನು ಸುರಿದುಕೊಳ್ಳುವವರಿಲ್ಲ.

ಹಣ್ಣಿನ ಮೇಲಿನ ಔಷಧದ ಚಿಂತೆ ಉಳಿಯಿತು. ಕಾಳಿನ ಮೇಲಿನ ಬಿಳಿ ಧೂಳಿನಂಥದ್ದು ಬಹುಪಾಲು ದ್ರಾಕ್ಷಿಯದೇ ಮೇಣ; ನೀಲಿ ಛಾಯೆಯಿದ್ದರೆ ಮೈಲುತುತ್ತದ ಬೋರ್ಡೋ ದ್ರಾವಣದ್ದಿರಬಹುದು. 2010ರಲ್ಲಿ ಭಾರತದ ದ್ರಾಕ್ಷಿ ಕ್ಲೋರ್‌ಮೆಕ್ವಾಟ್ ಎಂಬ ತೋಟದ ಔಷಧದ ಶೇಷದ ಕಾರಣಕ್ಕೆ ಯುರೋಪಿನಲ್ಲಿ ಸಿಕ್ಕಿಬಿದ್ದ ಮೇಲೆ ರಫ್ತಿನ ಹಣ್ಣಿಗೆ ಪ್ರಯೋಗಶಾಲೆಯ ಕಣ್ಣು ಬಿಗಿಯಾಯಿತು. ಸಂತೆಯ ಬಿಡಿ ಕಾಳಿಗೆ ಆ ಕಣ್ಣಿಲ್ಲ. ಉಪ್ಪು ನೀರಿನಲ್ಲಿ ನೆನೆಸಿ ಎರಡು-ಮೂರು ನೀರು ತೊಳೆದು, ಆರಿಸಿ, ಒಡೆದ ಹಣ್ಣು ಬೇರ್ಪಡಿಸುವುದು ಮನೆಯವರ ಕೈಲಾಗುವ ಕೆಲಸ. ಅಗ್ಗವೆಂದು ತಂದ ಕಾಳಿನಲ್ಲಿ ಒಡೆದದ್ದೇ ಹೆಚ್ಚು ಎಂಬುದು ತೊಂದರೆ.

ಕಾನೂನಿನ ಮಾತು ಚಿಕ್ಕದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು, ಮಾರುವುದು ಅಪರಾಧ. 2007ರ ವೈನ್ ನೀತಿ ದ್ರಾಕ್ಷಿ ಬೆಳೆಗಾರರಿಗೂ ವೈನರಿಗಳಿಗೂ ಉತ್ತೇಜನ ಕೊಟ್ಟಿತೇ ಹೊರತು ಅಡುಗೆಮನೆಯ ಭರಣಿಗೆ ರಹದಾರಿ ಕೊಡಲಿಲ್ಲ. ಕೇರಳದಲ್ಲಿ 2019ರ ಕ್ರಿಸ್‌ಮಸ್‌ಗೆ ಮುನ್ನ ಅಬಕಾರಿ ಇಲಾಖೆ ಮನೆ ವೈನಿನ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ದೊಡ್ಡ ಗದ್ದಲವೇ ಆಗಿತ್ತು. ಮಾರಾಟಕ್ಕಿಳಿದರೆ ಕಾನೂನಿನ ಜೊತೆಗೆ ಇನ್ನೊಂದು ಹೊಣೆಯೂ ಬೀಳುತ್ತದೆ: ಕೊಂಡವನಿಗೆ ಅದರೊಳಗೆ ಏನಿದೆ, ಎಷ್ಟು ಕಸುವಿದೆ ಗೊತ್ತಿರುವುದಿಲ್ಲ.

ಮನೆ ವೈನ್ ಕುಡಿದ ಮೇಲೆ ಯಾವಾಗ ಹೆದರಬೇಕು ಎಂಬುದಕ್ಕೆ ವೈದ್ಯರು ಗಡಿಯಾರ ನೋಡುತ್ತಾರೆ. ಕುಡಿದ ರಾತ್ರಿಯೇ ವಾಂತಿಯಾಗಿ, ಮರುದಿನ ಮಧ್ಯಾಹ್ನಕ್ಕೆ ಇಳಿದರೆ ಅದು ಹೆಚ್ಚಾಗಿ ಅತಿಯಾದ್ದರ ಫಲ. ನೀರು, ಮಜ್ಜಿಗೆ, ಉಪ್ಪು-ಸಕ್ಕರೆ ನೀರು, ನಿದ್ದೆ ಸಾಕು. ರಾತ್ರಿ ಚೆನ್ನಾಗಿದ್ದು, 12ರಿಂದ 24 ತಾಸಿನ ಮೇಲೆ ಕಣ್ಣು ಮಂಜು, ಹಿಮದಲ್ಲಿ ನಿಂತಂತೆ ಬೆಳ್ಳಗೆ ಕಾಣುವುದು, ಹೊಟ್ಟೆ ಶೂಲೆ, ಏದುಸಿರು ಶುರುವಾದರೆ ಅದು ಮೆಥನಾಲಿನ ಲಕ್ಷಣ. ಅಂದರೆ ಕುಡಿದದ್ದು ಬರೀ ದ್ರಾಕ್ಷಿಯದಲ್ಲ, ಎಲ್ಲೋ ಏನೋ ಬೆರೆತಿದೆ. ಕಣ್ಣುರೆಪ್ಪೆ ಜೋತುಬಿದ್ದು, ಮಾತು ತೊದಲಿ, ನುಂಗಲು ಬಾರದಿದ್ದರೆ ಬೊಟುಲಿಸಂ ಶಂಕೆ. ಎರಡರಲ್ಲೂ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು, ಮೆಥನಾಲಿನ ಶಂಕೆಯಿದ್ದರೆ ಡಯಾಲಿಸಿಸ್ ಇರುವಲ್ಲಿಗೇ. ಅಬಕಾರಿ ಕೇಸಿಗೆ ಹೆದರಿ ಉಳಿದದ್ದನ್ನು ಬಚ್ಚಲಿಗೆ ಸುರಿಯುವವರೇ ಹೆಚ್ಚು. ಸುರಿಯದೆ ಬಾಟಲಿಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಅರ್ಧ ದಿನ ಉಳಿಯುತ್ತದೆ. ಅದೇ ಭರಣಿಯಿಂದ ಕುಡಿದ ಉಳಿದವರ ಹೆಸರನ್ನೂ ಅಲ್ಲೇ ಹೇಳಿಬಿಡಬೇಕು, ಅವರಿಗೆ ಇನ್ನೂ ಏನೂ ಆಗಿಲ್ಲದಿದ್ದರೂ.